ಶಿಳ್ಳೆಗೆಂದು ನಿಂತವನು

ಯಾವ ಬಾಗಿಲಿಗೆ ಬಂದರೂ ಚಿತ್ರನಟ ಚಂದ್ರತೇಜ ಹೊಸ್ತಿಲಲ್ಲಿ ಅರೆಗಳಿಗೆ ನಿಲ್ಲುತ್ತಿದ್ದ. ಗದ್ದ ತುಸು ಮೇಲೆ, ಒಂದು ಕೈ ಬಾಗಿಲವಾಡದ ಮೇಲೆ. ಸಿನಿಮಾದಲ್ಲಷ್ಟೇ ಅಲ್ಲ, ಬ್ಯಾಂಕಿನಲ್ಲಿ, ಸಾವಿನ ಮನೆಯಲ್ಲೂ.

ಹೊಳೆದಂಡೆಯ ಗುಡಿಸಲಿನ ಬಾಗಿಲಲ್ಲೂ ಹಾಗೇ ನಿಂತ. ಒಳಗೆ ಅವನಿಗೆ ನಟನೆ ಕಲಿಸಿದ ಹಂಪಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಒಂದು ಕಾಲಕ್ಕೆ ನಾಟಕ ಕಂಪನಿಯ ರಾಣಿ ಪಾತ್ರಗಳೆಲ್ಲ ಅವರವೇ. ತಲೆ ಎತ್ತಲಿಲ್ಲ.

“ಯಾರ ದಾರಿ ಕಾಯ್ತಿದೀಯ, ದುರುಗ?”

ಹುಟ್ಟಿದಾಗಿಟ್ಟ ಆ ಹೆಸರಿನಿಂದ ಅವನನ್ನು ಕರೆಯುವವರು ಈಗ ಅವರೊಬ್ಬರೇ.

ಅವನು ಒಳಗೆ ಬಂದು ಕೂತ. “ಟೀವಿ ಧಾರಾವಾಹಿ ಒಪ್ಪಿಕೊಂಡಿದೀನಮ್ಮ.”

“ಒಳ್ಳೇದು. ಈಗೀಗ ಎಲ್ಲರ ಮನೆಗೂ ಟೀವಿ ಬರ್ತಿದೆ. ಅಷ್ಟು ಸಣ್ಣ ಪೆಟ್ಟಿಗೇಲಿ ಹಿಡಿಸ್ತೀಯಾ?”

“ಹಿಡಿಸ್ತಾ ಇಲ್ಲ. ಸಿನಿಮಾದವರು ಕರೆಯೋದು ಬಿಟ್ಟರು, ಈಗ ಇದೂ ಹೋಗೋ ಹಾಗಿದೆ. ನಾನು ಬಾಗಿಲಿಗೆ ಬಂದು ನಿಂತ ಕೂಡಲೇ ನಿರ್ದೇಶಕ ಕಟ್ ಅಂತಾನೆ. ನಾಳೆಯೂ ನಿಂತರೆ ಪಾತ್ರ ಬೇರೆಯವರಿಗಂತೆ.”

“ನಿಲ್ಲೋದ್ಯಾಕೆ?”

“ಜನರ ಶಿಳ್ಳೆ ಅಡಗಲಿ ಅಂತ. ಇಲ್ಲದಿದ್ರೆ ಮೊದಲ ಮಾತು ಯಾರಿಗೂ ಕೇಳಿಸಲ್ಲ. ನೀವೇ ಕಲಿಸಿದ್ದಲ್ವಾ?”

“ನಾನೇ. ಚೆನ್ನಾಗೇ ಕಲಿತಿದೀಯ.” ಹಂಪಮ್ಮ ಮಡಿಲ ಸಿಪ್ಪೆ ಕೊಡವಿದರು. “ಹೊರಗೆ ಹೋಗಿ ಮತ್ತೆ ಬಾ.”

ಹೋದ, ಬಂದ, ನಿಂತ. ಮೊರದೊಳಗೆ ಕಾಳು ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

“ಇನ್ನೊಂದು ಸಲ.”

ಈ ಸಲ ನಿಲ್ಲಲೇಬಾರದೆಂದು ದಡದಡನೆ ನುಗ್ಗಿದ. “ಅಮ್ಮಾ, ನಾನು ಬಂದೆ,” ಎಂದು ಗುಡುಗಿದ. ಸೂರಿನ ಗುಬ್ಬಿ ಹಾರಿಹೋಯಿತು.

“ಪೊಲೀಸರು ಹೀಗೇ ಬರೋದು. ಇನ್ನೊಂದು ಸಲ.”

ಅವನಿಗೆ ರೇಗಿತು. “ನನಗೂ ವಯಸ್ಸಾಯ್ತಮ್ಮ.”

“ಹಾಗಾದ್ರೆ ನಿಧಾನಕ್ಕೆ ಬಾ.”

ಹೊರಗೆ ಹೋಗಿ ಹೊಳೆಯತ್ತ ಎರಡು ಹೆಜ್ಜೆ ಇಟ್ಟ. ತಿರುಗಿದಾಗ ಕಂಡಿತು: ಒಲೆಯ ಮೇಲಿನ ಹಾಲು ನೊರೆಯೆದ್ದು ಪಾತ್ರೆಯ ಕಂಠಕ್ಕೆ ಬಂದಿತ್ತು. ಹಂಪಮ್ಮನ ಕಣ್ಣು ಅವರೆಕಾಯಿಯ ಮೇಲೇ.

ಚಪ್ಪಲಿ ಎಲ್ಲಿ ಬಿಟ್ಟನೋ, ಹೊಸ್ತಿಲು ಯಾವಾಗ ದಾಟಿದನೋ. ಹೆಗಲ ಶಾಲಿನಲ್ಲೇ ಹಿಡಿದು ಪಾತ್ರೆ ಇಳಿಸಿದ.

“ಹಾಲಿಟ್ಟು ಮರೆತೇಬಿಟ್ಟಿದೀರಲ್ಲಮ್ಮ,” ಎಂದ, ಪಕ್ಕದಲ್ಲಿರುವವರಿಗೆ ಕೇಳುವಷ್ಟೇ ದನಿಯಲ್ಲಿ.

ಹಂಪಮ್ಮ ಆಗ ತಲೆ ಎತ್ತಿದರು.

“ನಿನ್ನ ಧಾರಾವಾಹಿ ಬರೋ ಹೊತ್ತಿಗೆ ಎಲ್ಲರ ಮನೆಯಲ್ಲೂ ಒಲೆ ಮೇಲೆ ಹಾಲಿಟ್ಟಿರ್ತಾರೆ, ದುರುಗ. ಹೀಗೇ ಬಂದು ಸ್ವಲ್ಪ ನೋಡ್ಕೋತೀಯಾ?”