ಬಿಳಿ ಅಂಚಿನ ದೊಡ್ಡಪತ್ರೆ

ಶಿಷ್ಯ ಕೇಳಿದ: "ಗುರುಗಳೇ, ನಮ್ಮವರೇ ಒಬ್ಬರು ಒಳ್ಳೆಯದಾಗಲಿ ಎಂದು ಮಾಡಿದ ಕೆಲಸದಿಂದ ನಮಗೆ ನಷ್ಟವಾಗಿದೆ. ಅವರಿಗೆ ಅದು ಗೊತ್ತಿಲ್ಲ. ಹೇಳಿಬಿಡಬೇಕೆ, ನುಂಗಿಕೊಳ್ಳಬೇಕೆ?"

ಯಾರು, ಏನು ಎಂದು ಅವನು ಹೇಳಲಿಲ್ಲ. ಗುರುಗಳು ಕೇಳಲೂ ಇಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಸೊಸೆಗೆ ತಾಯಿ ಇರಲಿಲ್ಲ. ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಗಂಡನ ಮನೆಗೆ ಬರುವಾಗ ಸೊಸೆ ತವರಿನ ಹಿತ್ತಿಲಿನಿಂದ ದೊಡ್ಡಪತ್ರೆಯ ಒಂದು ಕಡ್ಡಿ ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು. ತಾಯಿ ಬೆಳೆಸಿದ ಗಿಡ ಅದು. ಆಮೇಲೆ ಆ ಮನೆ ಬೇರೆಯವರ ಕೈ ಸೇರಿತು. ಹಿತ್ತಿಲೂ ಹೋಯಿತು. ಉಳಿದದ್ದು ಆ ಕಡ್ಡಿಯಿಂದ ಬಂದ ಗಿಡ ಒಂದೇ.

ಊರಿನಲ್ಲಿ ಎಲ್ಲರ ಮನೆಯ ದೊಡ್ಡಪತ್ರೆಯೂ ಹಸಿರು. ಇದರ ಎಲೆಗೆ ಸುತ್ತಲೂ ಬಿಳಿ ಅಂಚು. ಸೊಸೆ ಅದನ್ನು ಕುಂಡದಲ್ಲಿ ನೆಟ್ಟು ಅಡುಗೆಮನೆಯ ಹೊರಗಿನ ಕಟ್ಟೆಯ ಮೇಲೆ ಇಟ್ಟಳು. ತಂಬುಳಿ ಮಾಡುವ ದಿನ ಹೋಗಿ ಎಲೆ ಕಿತ್ತು ತರುತ್ತಿದ್ದಳು. ಮಾಡದ ದಿನ ಹೋಗಿ ನೋಡಿ ಬರುತ್ತಿದ್ದಳು.

ಅವಳು ಬಾಣಂತನಕ್ಕೆ ಅಕ್ಕನ ಮನೆಗೆ ಹೋಗಬೇಕಾಗಿ ಬಂತು. ಹೊರಡುವಾಗ, ಗಿಡ ಸ್ವಲ್ಪ ನೋಡಿಕೊಳ್ಳಿ ಎಂದು ಅತ್ತೆಗೆ ಹೇಳಿದಳು.

ಅತ್ತೆ ನೋಡಿಕೊಂಡಳು. ತೊಂದರೆಯಾದದ್ದು ಅದರಿಂದಲೇ.

ಆಕೆ ಹುಟ್ಟಿದಾಗಿನಿಂದ ಹಸಿರು ದೊಡ್ಡಪತ್ರೆಯನ್ನೇ ಕಂಡವಳು. ಈ ಗಿಡದ ಎಲೆ ಬಿಳಿಚಿಕೊಂಡಿದೆ ಎಂದು ಆಕೆಗೆ ಮೊದಲಿನಿಂದಲೂ ಅನುಮಾನ. ಸೊಸೆಯದೆಂದು ಸುಮ್ಮನಿದ್ದಳು. ಈಗ ಅದು ತನ್ನ ಕೈಗೆ ಬಂದಿತ್ತು. ತಾಯಿಯಿಲ್ಲದ ಹುಡುಗಿಯ ಗಿಡ ತನ್ನ ಕೈಯಲ್ಲಿ ಸಾಯಬಾರದು ಎಂದುಕೊಂಡಳು. ಬುಡಕ್ಕೆ ಬೇವಿನ ಹಿಂಡಿ ಹಾಕಿದಳು. ಮೇಲೆ ಬೂದಿ ಉದುರಿಸಿದಳು. ಬಿಳಿ ಕಂಡ ಎಲೆಗಳನ್ನು ದಿನವೂ ಚಿವುಟಿದಳು. ಬಿಳಿ ಹೆಚ್ಚಾಗಿದ್ದ ಕವಲುಗಳನ್ನು ಕತ್ತರಿಸಿ ತಿಪ್ಪೆಗೆ ಹಾಕಿದಳು. ಕೊನೆಗೆ ಬುಡದಿಂದ ಅಚ್ಚ ಹಸಿರಿನ ಒಂದು ಚಿಗುರು ಬಂತು. ಅತ್ತೆ ಪಕ್ಕದ ಮನೆಯವರನ್ನು ಕರೆದು ತೋರಿಸಿದಳು. ಆ ಚಿಗುರೇ ಬೆಳೆದು, ಕವಲೊಡೆದು, ಕುಂಡ ತುಂಬಿತು.

ಸೊಸೆ ಮಗುವಿನೊಂದಿಗೆ ಮನೆಗೆ ಬಂದಳು. ಆರತಿ ಎತ್ತಿದ್ದೇ ತಡ, ಅತ್ತೆ ಅವಳನ್ನು ನೇರವಾಗಿ ಕಟ್ಟೆಯ ಬಳಿಗೆ ಕರೆದುಕೊಂಡು ಹೋದಳು.

"ನೋಡಮ್ಮ, ನಿನ್ನ ಗಿಡಕ್ಕೆ ವಾಸಿಯಾಯಿತು" ಎಂದಳು.

ಸೊಸೆ ನೋಡಿದಳು. ಸೊಂಪಾದ ಗಿಡ. ಎಲ್ಲರ ಮನೆಯಲ್ಲೂ ಇರುವಂಥದ್ದು. ಪ್ರಯಾಣದ ಆಯಾಸ ಎಂದು ಹೇಳಿ ಒಳಗೆ ಹೋದಳು.

ಆಮೇಲೆ ಅವಳು ಕಟ್ಟೆಯ ಕಡೆಗೆ ಸುಳಿಯಲಿಲ್ಲ. ಒಂದು ಮಧ್ಯಾಹ್ನ ಮಾತ್ರ ಹೋದಳು. ಕಿತ್ತು ಎಸೆಯಬೇಕೆಂದೇ ಹೋದಳು. ಬುಡಕ್ಕೆ ಕೈ ಹಾಕಿದಳು. ಆಗ ಒಳಗಿನಿಂದ ಅತ್ತೆಯ ದನಿ ಕೇಳಿತು. ಮಗುವಿಗೆ ನೆಗಡಿಯಾಗಿತ್ತು. ಆ ಗಿಡದ ಎಲೆಯನ್ನೇ ಕೆಂಡದ ಮೇಲೆ ಬಾಡಿಸಿ, ಆರಿಸಿ, ಮಗುವಿನ ನೆತ್ತಿಯ ಮೇಲಿಟ್ಟು ಅತ್ತೆ ಅದರೊಂದಿಗೆ ಮಾತಾಡುತ್ತಿದ್ದಳು. ಇದು ನಿನ್ನ ಇನ್ನೊಬ್ಬ ಅಜ್ಜಿಯ ಎಲೆ ಕಂದ, ಅವಳು ಇದ್ದಿದ್ದರೆ ನಿನಗೆ ಈ ಮುದುಕಿಯ ಒರಟು ಕೈ ತಪ್ಪುತ್ತಿತ್ತು, ಏನು ಮಾಡುವುದು, ನಿನ್ನ ಹಣೆಯಲ್ಲಿ ನಾನೇ ಅಂತ ಬರೆದಿದೆ ಎನ್ನುತ್ತಿದ್ದಳು.

ಸೊಸೆ ಕೈ ತೆಗೆದಳು. ಗಿಡಕ್ಕೆ ಒಂದು ಚೊಂಬು ನೀರು ಹಾಕಿ ಬಂದಳು. ಆವತ್ತಿನಿಂದ ಮತ್ತೆ ನೀರು ಹಾಕತೊಡಗಿದಳು. ಅತ್ತೆಗೆ ಏನೂ ಹೇಳಲಿಲ್ಲ.

ಕೆಲವು ತಿಂಗಳು ಕಳೆದವು. ಮೇಲಿನ ಬೀದಿಯ ಒಂದು ಮನೆಯಲ್ಲಿ ನಾಮಕರಣ. ಅತ್ತೆ ಹೋದಳು. ಆ ಮನೆಯ ಮುಂದೆ ಸಾಲಾಗಿ ಕುಂಡಗಳು, ಕುಂಡಗಳ ತುಂಬ ಬಿಳಿ ಅಂಚಿನ ದೊಡ್ಡಪತ್ರೆ. ಅತ್ತೆ ಮನೆಯೊಡತಿಯನ್ನು ಪಕ್ಕಕ್ಕೆ ಕರೆದು, ನಿಮ್ಮ ಗಿಡಗಳಿಗೂ ಆ ಕಾಯಿಲೆ ತಗುಲಿದೆ, ಹೆದರಬೇಡಿ, ನಮ್ಮ ಮನೆಯದನ್ನು ನಾನೇ ವಾಸಿ ಮಾಡಿದ್ದೇನೆ, ನಾಳೆ ಬಂದು ಮದ್ದು ಹಾಕುತ್ತೇನೆ ಎಂದಳು.

ಮನೆಯೊಡತಿ ನಕ್ಕಳು. "ಅದು ಕಾಯಿಲೆಯಲ್ಲಮ್ಮ, ಅದರ ಜಾತಿಯೇ ಹಾಗೆ. ಆ ಅಂಚು ಚೆಂದ ಅಂತಲೇ ನಾನು ಸಾಕಿರುವುದು."

ಅತ್ತೆಗೆ ಮಗುವನ್ನು ಎತ್ತಿಕೊಂಡು ಗಿಡದ ಮುಂದೆ ನಿಂತ ಸೊಸೆಯ ಮುಖ ಈಗ ನೆನಪಿಗೆ ಬಂತು. ಹೊರಡುವಾಗ ಮನೆಯೊಡತಿ ಒಂದು ಕಡ್ಡಿ ಮುರಿದು ಕೊಡಲು ಬಂದಳು. ಅತ್ತೆ ಬೇಡವೆಂದಳು. ಎಲೆ ಅಂಥದ್ದೇ ಆದರೂ ಗಿಡ ಅದಲ್ಲ ಎಂಬುದು ಆಕೆಗೆ ತಿಳಿಯುತ್ತಿತ್ತು.

ಮನೆಗೆ ಬಂದವಳು ಸೀರೆಯನ್ನೂ ಬದಲಿಸದೆ ಕಟ್ಟೆಯ ಬಳಿ ಕುಳಿತಳು. ಹಸಿರು ಕವಲುಗಳನ್ನು ಒಂದೊಂದಾಗಿ ಸರಿಸಿ ನೋಡಿದಳು. ಕಣ್ಣು ಮಂಜು, ಬೆರಳಿನಿಂದ ತಡವಿ, ಎಲೆಯನ್ನು ಬೆಳಕಿಗೆ ಹಿಡಿದು ನೋಡಬೇಕಿತ್ತು. ಕುಂಡದ ಹಿಂಬದಿಯಲ್ಲಿ, ಗೋಡೆಗೆ ಒತ್ತಿಕೊಂಡಂತೆ, ಆಕೆಯ ಕತ್ತರಿಗೆ ಸಿಕ್ಕದೆ ಉಳಿದ ಒಂದು ಚಿಗುರು ಇತ್ತು. ಎರಡೇ ಎಲೆ. ಎರಡಕ್ಕೂ ಬಿಳಿ ಅಂಚು.

ಅದನ್ನು ಬಿಡಿಸಿ ಬೇರೆ ಕುಂಡದಲ್ಲಿ ನೆಟ್ಟಳು. ಹಿಂಡಿ ಹಾಕಲಿಲ್ಲ, ಬೂದಿ ಉದುರಿಸಲಿಲ್ಲ. ನೀರು ಕೂಡ ಹೆದರಿ ಹೆದರಿ ಹಾಕಿದಳು. ಅದು ಬೇರು ಬಿಟ್ಟು ಹೊಸ ಎಲೆ ತೆರೆದ ದಿನ, ಕುಂಡವನ್ನು ತಂದು ಸೊಸೆಯ ಕೋಣೆಯ ಕಿಟಕಿಯಲ್ಲಿಟ್ಟಳು. ಸೊಸೆ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಅತ್ತೆ ಅವಳ ಮುಖ ನೋಡಲಿಲ್ಲ.

"ಈ ಕಡ್ಡಿಗೆ ಮತ್ತೆ ಅದೇ ಕಾಯಿಲೆ ಬಂದಿದೆ ಕಣಮ್ಮ" ಎಂದಳು. "ಈ ಸಲ ನಾನು ಮದ್ದು ಮಾಡುವುದಿಲ್ಲ."

ಸೊಸೆ ಎಲೆಯನ್ನು ನೋಡಿದಳು. ಅತ್ತೆಯ ಉಗುರಿನ ಸಂದಿಯಲ್ಲಿದ್ದ ಮಣ್ಣನ್ನೂ ನೋಡಿದಳು. "ಬೇಡ ಅತ್ತೆ, ಹೀಗೇ ಇರಲಿ" ಎಂದು ಆ ಕೈಯನ್ನು ಹಿಡಿದುಕೊಂಡಳು.

ಕತೆ ಮುಗಿಯಿತು. "ಸೊಸೆ ಕೊನೆಯವರೆಗೂ ಹೇಳಲೇ ಇಲ್ಲ. ಹಾಗಾದರೆ ನಾನೂ ಹೇಳಬಾರದೆ?" ಎಂದ ಶಿಷ್ಯ.

ಗುರುಗಳು ಹೇಳಿದರು: "ಹೇಳಿದರೂ ಸರಿ, ಬಿಟ್ಟರೂ ಸರಿ, ಗಿಡವನ್ನು ಮಾತ್ರ ಕೀಳಬೇಡ."