ಭಂಡಾರ ಚೆಲ್ಲಿದ ದಿಬ್ಬ

ನಮ್ಮೂರಿನಿಂದ ಪಡುವಣಕ್ಕೆ ಎರಡು ಹರದಾರಿ ನಡೆದರೆ ಎರೆಹೊಲಗಳ ನಡುವೆ ಒಂದು ಬೋಳು ದಿಬ್ಬ ಸಿಗುತ್ತದೆ. ಬುಡದಲ್ಲಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹತ್ತತೊಡಗಿದರೆ ಅದು ಮುಗಿಯುವುದರೊಳಗೆ ನೆತ್ತಿ ಸೇರಬಹುದು. ಅಷ್ಟೇ ಅದರ ಎತ್ತರ. ಒಂದು ಮಗ್ಗುಲಿಗೆ ಈಗ ಮೊಬೈಲ್ ಟವರ್ ಎದ್ದಿದೆ, ಕೆಳಗೆ ಬಣ್ಣ ಹಾರಿದ ಬಸ್ ನಿಲ್ದಾಣವಿದೆ. ಭಂಡಾರ ಚೆಲ್ಲಿದ ದಿಬ್ಬ ಎಂಬ ಪೂರ್ತಿ ಹೆಸರು ಹೇಳುವಷ್ಟು ಪುರುಸೊತ್ತು ಕಂಡಕ್ಟರನಿಗಿಲ್ಲ. "ದಿಬ್ಬ, ದಿಬ್ಬ" ಎಂದು ಕೂಗಿ ಜನರನ್ನು ಇಳಿಸಿಬಿಡುತ್ತಾನೆ. ಭಂಡಾರವೆಂದರೆ ಹೊನ್ನಿನ ನಿಧಿಯೇ ಇರಬೇಕೆಂದು ಹೊರಗಿನ ಇಬ್ಬರು ಬುದ್ಧಿವಂತರು ಒಮ್ಮೆ ಗುದ್ದಲಿ ತಂದು ಅಗೆದು, ಬೆನ್ನು ನೋಯಿಸಿಕೊಂಡು ಹೋದರು. ನಮ್ಮ ಸೀಮೆಯಲ್ಲಿ ಭಂಡಾರವೆಂದರೆ ದೇವರ ಅರಿಸಿನ ಎಂದು ಅವರಿಗೆ ಯಾರೂ ಹೇಳಲಿಲ್ಲ. ಕೇಳಿದ್ದರೆ ನಾನೇ ಹೇಳುತ್ತಿದ್ದೆ.

ಹಿಂದೆ ಒಮ್ಮೆ, ಈ ಕಡೆಯ ಹೊಲಗಳಿಗೆ ಬೇಲಿಯೇ ಇಲ್ಲದ ಕಾಲದಲ್ಲಿ, ಸುಗ್ಗಿ ಮುಗಿದೊಡನೆ ಕುರಿಗಾಹಿಗಳು ಬಂದು ದಿಬ್ಬದ ಕೆಳಗೆ ಹಟ್ಟಿ ಹಾಕುತ್ತಿದ್ದರಂತೆ. ಅವುಗಳಲ್ಲಿ ಎರಡು ಹಟ್ಟಿಗಳು ಯಾವಾಗಲೂ ಅಕ್ಕಪಕ್ಕ. ಒಂದು ಸೋಮನಿಂಗನದು, ಅವನಿಗೆ ಜಕ್ಕವ್ವ ಎಂಬ ಒಬ್ಬಳೇ ಮಗಳು. ಇನ್ನೊಂದು ಅಮೋಗಿ ಎಂಬ ತರುಣನದು. ತಂದೆತಾಯಿ ತೀರಿಕೊಂಡ ಮೇಲೆ ಅವನೊಬ್ಬನೇ ಹಿಂಡು ನೋಡಿಕೊಂಡಿದ್ದ. ಏಳು ವರ್ಷದವರಾಗಿದ್ದಾಗಿನಿಂದ ಇಬ್ಬರೂ ಒಟ್ಟಿಗೆ ಕುರಿ ಕಾದವರು, ಒಂದೇ ಬುತ್ತಿ ಬಿಚ್ಚಿ ಉಂಡವರು. ಜಗಳವಾಡುತ್ತಿದ್ದರು, ಮಾತು ಬಿಡುತ್ತಿದ್ದರು, ಒಂದು ಮರಿ ತಪ್ಪಿಸಿಕೊಂಡರೆ ಎಲ್ಲ ಮರೆತು ಜೊತೆಯಾಗಿ ಹುಡುಕುತ್ತಿದ್ದರು. ಅವರ ಗೆಳೆತನ ನೋಡಿ ಯಾರೂ ಹುಬ್ಬು ಏರಿಸಿದವರಲ್ಲ. ಬೆಡಗು, ಅಂದರೆ ಗೋತ್ರ, ಬೇರೆಯಾಗಿತ್ತು, ನೆಂಟಸ್ತನಕ್ಕೆ ಅಡ್ಡಿಯಿರಲಿಲ್ಲ; ಆದರೂ ಆ ಯೋಚನೆ ಯಾರ ತಲೆಗೂ ಹೊಳೆಯಲಿಲ್ಲ. ದಿನಾ ಕಾಣುವುದು ಕಣ್ಣಿಗೆ ಬೀಳುವುದಿಲ್ಲ.

ಆ ಜನರಲ್ಲಿ ಒಂದು ಪದ್ಧತಿಯಿತ್ತು ಎನ್ನುತ್ತಾರೆ. ಹೆಣ್ಣನ್ನಾಗಲಿ ಗಂಡನ್ನಾಗಲಿ ನೋಡಲು ಬಂದವರು ಹೆತ್ತವರ ಮಾತು ನಂಬುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ನೆಲೆಯಿಲ್ಲದೆ ತಿರುಗುವವರಿಗೆ ಊರು ಕೇರಿಯ ಸಾಕ್ಷಿಯೂ ಇಲ್ಲ. ಆದ್ದರಿಂದ ಪಕ್ಕದ ಹಟ್ಟಿಯವರು ಹೇಳಿದ್ದೇ ಕೊನೆಯ ಮಾತು. ಹೀಗಾಗಿ ಜಕ್ಕವ್ವನನ್ನು ನೋಡಲು ಬಂದವರೆಲ್ಲ ಅಮೋಗಿಯ ಹತ್ತಿರ ಬಂದು, "ಹುಡುಗಿ ಹ್ಯಾಂಗಪಾ?" ಎಂದು ಕೇಳುತ್ತಿದ್ದರು. ಅಮೋಗಿಗೆ ಖುಷಿಯೋ ಖುಷಿ. "ಏನ್ ಕೇಳ್ತೀರಿ ಮಾವಾ! ಹ್ವಾದ ವರ್ಷ ತ್ವಾಳ ಬಂದಾಗ ಬಾಲ ಹಿಡದು ಎಳದಾಳ. ಸಿಟ್ಟು ಬಂದ್ರ ಮೂರು ದಿನ ಮಾತಿಲ್ಲ, ನಾಕನೇ ದಿನ ಕೋಲೇ ಮಾತು. ರೊಟ್ಟಿ ಬಡಿಯೂದು ಆಕಿಗೆ ಬ್ಯಾಸರ ಖರೆ, ಆದ್ರ ಅಡ್ಡ ಸಿಕ್ಕ ಮರೀನ ಕೈ ಹಾಕಿ ಈಯಿಸ್ತಾಳ ನೋಡ್ರಿ, ಗಂಡಸರು ನಾಚಬೇಕು!" ಒಬ್ಬ ಕುರುಬ ಇನ್ನೊಬ್ಬನ ಮುಂದೆ ಒಳ್ಳೆಯ ಜೊತೆಗಾರನನ್ನು ಹೊಗಳುವ ರೀತಿ ಅದು. ಹೆಣ್ಣು ಕೇಳಲು ಬಂದವರು ಮಾತ್ರ ಮಜ್ಜಿಗೆ ಕುಡಿದು, ಮುಖ ಮುಖ ನೋಡಿಕೊಂಡು, ಬಂದ ದಾರಿ ಹಿಡಿಯುತ್ತಿದ್ದರು. ಹೀಗೆ ಮೂರು ಸಂಬಂಧ ಮುರಿದವು.

ನಾಲ್ಕನೆಯದು ದೊಡ್ಡ ಹಿಂಡಿನ ಮನೆಯದು. ಇದೂ ತಪ್ಪಿದರೆ ಮಗಳಿಗೆ ಮದುವೆಯೇ ಇಲ್ಲವೆಂದು ಸೋಮನಿಂಗ ಕಂಗಾಲಾಗಿ, ಹಿರಿಯನಾದ ಮಾಯಪ್ಪನ ಬಳಿ ದೂರು ಒಯ್ದ. ದಿಬ್ಬದ ನೆತ್ತಿಯ ಹಾಸುಬಂಡೆಯ ಮೇಲೆ ಕರಿ ಕಂಬಳಿ ಹಾಸಿ, ಭಂಡಾರದ ಚೀಲವಿಟ್ಟು ದೈವ, ಅಂದರೆ ಕುಲದ ಪಂಚಾಯಿತಿ, ಕೂಡಿಸಿದರು. ಬೀಗರಾಗಲು ಬಂದವರೂ ಒಂದು ಕಡೆ ಕುಳಿತರು. ಕಂಬಳಿಯ ಮೇಲೆ ಅಂಗೈಯಲ್ಲಿ ಭಂಡಾರ ಹಿಡಿದವನು ಸುಳ್ಳಾಡುವಂತಿಲ್ಲ. ಮಾತು ಮುಗಿಯುವ ಮೊದಲೇ ಭಂಡಾರ ಕೈಯಿಂದ ಬಿದ್ದರೆ ಅವನು ಸುಳ್ಳುಗಾರನೆಂದೇ ಲೆಕ್ಕ. ಹೊತ್ತು ಮುಳುಗುವುದರೊಳಗೆ ಅವನು ಹಟ್ಟಿ ಬಿಡಬೇಕು, ಅವನಿಗೆ ಯಾರೂ ನೀರು ಬೆಂಕಿ ಕೊಡುವಂತಿಲ್ಲ. ಅಮೋಗಿ ಹೆದರಲಿಲ್ಲ. ತಾನು ತಪ್ಪು ಮಾಡಿಲ್ಲವೆಂಬ ಧೈರ್ಯದಲ್ಲಿ ಕೈಯೊಡ್ಡಿ ಕುಳಿತ.

"ತಮ್ಮಾ, ಬಂದ ಮಂದಿಗೆ ಬೇಕಂತನ ಹಂಗ ಹೇಳಿದೇನು?" ಎಂದು ಮಾಯಪ್ಪ ಕೇಳಿದ.

"ಇಲ್ಲ ಮುತ್ಯಾ, ನಾ ಹೊಗಳೀನಿ. ಅಂಥಾಕಿ ಸಿಕ್ಕರ ಯಾರರೆ ಬ್ಯಾಡ ಅಂತಾರೇನು?"

ಮುದುಕನಿಗೆ ನಗು ಬಂತು. ಹುಡುಗ ಪೆದ್ದನೇ ಹೊರತು ಕೇಡಿಗನಲ್ಲವೆಂದು ಸಮಾಧಾನವಾಗಿ, ಮುಗಿಸುವ ಮಾತಿಗೆಂದು, "ಹಂಗಾರ ಆಕಿ ಈ ಮನೀಗೆ ಹೋಗಿ ಸುಖವಾಗಿರ್ಲಿ ಅಂತ ನಿನ್ನ ಮನಸ್ಸಿನಾಗ ಐತಿ, ಹೌದಲ್ಲ? ಹೂಂ ಅಂದು ಏಳು" ಎಂದ.

ಅಮೋಗಿ ಹೂಂ ಎನ್ನಲು ಬಾಯಿ ತೆರೆದ. ಹೂಂ ಬರಲಿಲ್ಲ. ಮುಂದಿನ ಸುಗ್ಗಿಗೆ ತನ್ನ ಹಟ್ಟಿಯ ಪಕ್ಕದ ಜಾಗ ಬರಿದಾಗಿರುತ್ತದೆ, ಬುತ್ತಿ ಬಿಚ್ಚಿದರೆ ಎದುರಿಗೆ ಯಾರೂ ಇರುವುದಿಲ್ಲ ಎಂಬುದು ಆಗ ಅವನಿಗೆ ಮೊದಲ ಸಲ ತಿಳಿಯಿತು. "ಇಲ್ಲ ಮುತ್ಯಾ," ಎಂದು ತನ್ನ ಬಾಯೇ ಹೇಳಿದ್ದನ್ನು ಅವನು ಗಾಬರಿಯಿಂದ ಕೇಳಿಸಿಕೊಂಡ. "ಆಕಿ ಎಲ್ಲಿಗೂ ಹೋಗಬಾರದು. ಆಕಿ ನನಗ..." ಎನ್ನುತ್ತ ಹೆಂಗಸರು ಕುಳಿತ ಕಡೆ ತಿರುಗಿದ. ಮಾತು ಅರ್ಧದಲ್ಲಿರುವಾಗಲೇ ಭಂಡಾರ ಜಾರಿ ಕಂಬಳಿಯಾಚೆ ಬಂಡೆಯ ಮೇಲೆ ಬಿತ್ತು.

ಕೂಡಿದ್ದ ದೈವಕ್ಕೆ ಸಿಡಿಲು ಬಡಿದಂತಾಯಿತು. ಸೋಮನಿಂಗ ಕುಳಿತಲ್ಲೇ ಎರಡು ಕೈಯಿಂದ ತಲೆ ಹಿಡಿದುಕೊಂಡ. ಆಡಿದ ಮಾತು ನಿಜವೆಂದು ಎಲ್ಲರಿಗೂ ಕಾಣುತ್ತಿತ್ತು, ಆದರೆ ಭಂಡಾರ ಚೆಲ್ಲಿತ್ತು. ಮಾಯಪ್ಪ, "ಕಟ್ಟಳೆ ಕಟ್ಟಳೆನ ತಮ್ಮಾ. ಹೊತ್ತು ಮುಳುಗೂದ್ರಾಗ ಹಟ್ಟಿ ಬಿಡು" ಎಂದ.

ಆಗ ಹೆಂಗಸರ ಗುಂಪಿನಿಂದ ಜಕ್ಕವ್ವ ಎದ್ದು ಬಂದು ಕಂಬಳಿಯ ಮೇಲೆ ಕಾಲಿಟ್ಟಳು. ಹೆಣ್ಣೊಬ್ಬಳು ಆ ಕಂಬಳಿ ತುಳಿದದ್ದು ಅದೇ ಮೊದಲು. ಯಾರಾದರೂ ತಡೆಯುವ ಮೊದಲೇ ಚೀಲ ಅವಳ ಕೈಯಲ್ಲಿತ್ತು.

"ಮುತ್ಯಾ, ಅವನ್ನ ಕೇಳಿದ್ರಿ, ನನ್ನ ಕೇಳಲಿಲ್ಲ. ಅವಗ ಐದು ಕಡಿಂದ ಹೆಣ್ಣು ಕೊಡಾವ್ರು ಬಂದಿದ್ರು. ಪಕ್ಕದ ಹಟ್ಟಿ ಅಂತ ನನ್ನನ್ನ ವಿಚಾರಿಸಿದ್ರು. ಅವಗ ಕುರಿ ಎಣಸಾಕ ಬರಂಗಿಲ್ಲ, ಹತ್ತು ದಾಟಿದ್ರ ಅಳ್ತಾನ ಅಂತ ಹೇಳಿ ಐದೂ ಮಂದೀನ ನಾನ ತಿರುಗಿಸಿ ಕಳಿಸೀನಿ. ಅವ ಮಾಡಿದ್ದು ಅವಗ ಗೊತ್ತಿರಲಿಲ್ಲ. ನಾ ಮಾಡಿದ್ದು ನನಗ ಗೊತ್ತಿತ್ತು." ಹೀಗೆಂದವಳೇ ಚೀಲವನ್ನು ಬುಡಮೇಲು ಮಾಡಿ ಇದ್ದ ಭಂಡಾರವನ್ನೆಲ್ಲ ಬಂಡೆಗೆ ಸುರಿದಳು. "ಈಗ ನಾನೂ ಚೆಲ್ಲೀನಿ. ಹೊರಗ ಹಾಕೂದಾದ್ರ ಇಬ್ಬರನ್ನೂ ಕೂಡೇ ಹಾಕ್ರಿ."

ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಅಮೋಗಿ. "ಅಳ್ತೀನಿ ಅಂದೀಯಾ?" ಎಂದಷ್ಟೇ ಕೇಳಿದನಂತೆ.

ತೀರ್ಪು ಗಟ್ಟಿಯಾಗಬೇಕಾದರೆ ತಪ್ಪಿತಸ್ಥರ ಹಣೆಗೆ ಹಿರಿಯನು ಭಂಡಾರ ಹಚ್ಚಬೇಕು. ಚೀಲ ಬರಿದಾಗಿತ್ತು. ಮಾಯಪ್ಪ ಬಗ್ಗಿ ಬಂಡೆಯ ಮೇಲಿನದನ್ನೇ ಬಾಚಿಕೊಂಡ. ಗಡಿಪಾರು ಖಾಯಂ ಎಂದುಕೊಂಡು ಸೋಮನಿಂಗ ಕಣ್ಣು ಮುಚ್ಚಿದ. ಮುದುಕನ ಕೈ ಹಣೆಗೆ ಹೋಗಲಿಲ್ಲ. ಮೊದಲು ಅಮೋಗಿಯ ಎರಡು ಕೆನ್ನೆಗೆ, ಆಮೇಲೆ ಜಕ್ಕವ್ವನ ಎರಡು ಕೆನ್ನೆಗೆ, ಮದುಮಕ್ಕಳಿಗೆ ಅರಿಸಿನ ಹಚ್ಚುವ ಹಾಗೆ ಹಚ್ಚಿತು. "ಇವರ ಮಾತು ನಂಬಿ ಇನ್ನ್ಯಾರು ಹೆಣ್ಣು ಗಂಡು ಕೊಟ್ಟಾರು? ಒಬ್ಬರಿಗೊಬ್ಬರ ಇರ್ಲಿ ಬಿಡ್ರಿ" ಎಂದು ಕಂಬಳಿ ಮಡಚಿದ. ಬೀಗರಾಗಬೇಕಿದ್ದವರು ತಮ್ಮ ಹುಡುಗ ಬಚಾವಾದನೆಂದು ಉಂಡೇ ಹೋದರಂತೆ.

ಈಗ ದಿಬ್ಬ ಹತ್ತಿದವರಿಗೆ ಆ ಹಾಸುಬಂಡೆಯ ಮೇಲೆ ಎರಡು ಹಳದಿ ಕಲೆಗಳು ಕಾಣುತ್ತವೆ. ಕಲ್ಲಿನ ಮೇಲೆ ಬೆಳೆಯುವ ಒಂದು ಬಗೆಯ ಪಾಚಿ ಅದು ಎಂದು ಕಾಲೇಜಿನ ಮಾಸ್ತರರೊಬ್ಬರು ನನಗೆ ವಿವರಿಸಿದರು. ಇರಬಹುದು, ನಾನು ವಾದಕ್ಕೆ ಹೋಗಲಿಲ್ಲ. ಹೊಸದಾಗಿ ಮದುವೆಯಾದವರು ಬಂದರೆ ಜೊತೆಗೆ ಬಂದ ಮುದುಕಿಯರು ಗಂಡನ್ನು ಒಂದು ಕಲೆಯ ಬಳಿ, ಹೆಣ್ಣನ್ನು ಇನ್ನೊಂದರ ಬಳಿ ನಿಲ್ಲಿಸುತ್ತಾರೆ. ಅಮೋಗಿಯದು ಅಂಗೈಯಷ್ಟು ಅಗಲ. ಜಕ್ಕವ್ವನದು ಮೊರದಷ್ಟು.