ಯಾವ ಕೈಯ ತೀರ್ಥ

ನದಿ ದಂಡೆಯ ಆ ಮಠದಲ್ಲಿ ಕನ್ನಡಿ ಇರಲಿಲ್ಲ. ಬೆಳಗ್ಗೆ ಮಿಂದು ಬಂದ ಶಿಷ್ಯರು ಒಬ್ಬರ ಹಣೆಗೆ ಇನ್ನೊಬ್ಬರು ವಿಭೂತಿ ಹಚ್ಚಬೇಕು. ಮಠದ ಗುರು ಅಜ್ಜಯ್ಯನವರು ಮಾಡಿದ ಕಟ್ಟಳೆ ಅದು.

ಭಕ್ತರಿಗೆ ತೀರ್ಥ ಕೊಡುವ ಕೆಲಸ ಮೊದಲಿನಿಂದಲೂ ಕೊಟ್ರಯ್ಯನದು. ಅದೇ ಅವನ ಹೆಮ್ಮೆ, ಅದೇ ಅವನ ಪ್ರಾಣ. ಶಿವಪುತ್ರ ಎಂಬ ಹೊಸ ಶಿಷ್ಯ ಬಂದ ಮೇಲೆ ಅದಕ್ಕೆ ಸಂಚಕಾರ ಬಂತು.

"ಇವನಿಗಿಂತ ಆ ಹೊಸ ಮರಿಸ್ವಾಮಿ ಲಕ್ಷಣವಾಗಿ ಅದಾನ ನೋಡವ್ವ," ಎಂದಳು ಒಬ್ಬ ಮುದುಕಿ, ಕೊಟ್ರಯ್ಯನ ಎದುರಿಗೇ ಕೈಯೊಡ್ಡಿಕೊಂಡು.

"ನಗು ಅಂತೂ ಇವನಿಗಿಂತ ಭಾಳ ಚೆಂದ," ಎಂದಳು ಪಕ್ಕದವಳು.

ಕೊನೆಗೆ ಭಕ್ತರು ಅಜ್ಜಯ್ಯನವರನ್ನೇ ಕೇಳಿದರು. "ತೀರ್ಥ ಆ ಹೊಸ ಮರಿಸ್ವಾಮಿ ಕೈಯಿಂದ ಕೊಡಸ್ರಿ ಬುದ್ಧಿ."

"ಸೋಮವಾರ ಇಬ್ಬರೂ ಮಠದ ಬಾಗಿಲಾಗ ನಿಲ್ಲಲಿ, ಮಂದಿ ನೋಡ್ಲಿ. ಆಮೇಲೆ ನೋಡೂಣು," ಎಂದರು ಅಜ್ಜಯ್ಯ.

ಕೊಟ್ರಯ್ಯನಿಗೆ ಆವತ್ತಿನಿಂದ ಊಟ ಸೇರಲಿಲ್ಲ. ಜಪಕ್ಕೆ ಕೂತರೆ ಆ ಹಾಳು ನಗುವೇ ಕಣ್ಣೆದುರು ಬರುತ್ತಿತ್ತು.

ಸೋಮವಾರ ಬೆಳಗ್ಗೆ ಶಿವಪುತ್ರ ಅವನೆದುರು ಕಣ್ಣು ಮುಚ್ಚಿ ಕುಳಿತ. ಕೊಟ್ರಯ್ಯ ಮೂರು ಗೆರೆಗಳನ್ನೂ ಸೊಟ್ಟಗೆ ಎಳೆದ. ಒಂದನ್ನು ಹುಬ್ಬಿನ ಮೇಲೆ ಇಳಿಸಿದ. ಮೂಗಿನ ತುದಿಗೂ ಇಷ್ಟು ಮೆತ್ತಿದ.

"ಸರಿ ಆತೇನಣ್ಣ?"

"ಭಾಳ ಚೆಂದ ಆತು."

ಈಗ ಶಿವಪುತ್ರನ ಸರದಿ. ಅವನು ಕೊಟ್ರಯ್ಯನ ಗದ್ದ ಹಿಡಿದು ನಿಧಾನವಾಗಿ ಹಚ್ಚತೊಡಗಿದ.

"ಸಾಕು ಬಿಡೋ, ಹೊತ್ತಾತು."

"ಇರಣ್ಣ, ಒಂದು ಗೆರಿ ಒಂಚೂರು ಬಾಗೈತಿ." ಶಿವಪುತ್ರ ಅದನ್ನು ಒರೆಸಿ ಮತ್ತೆ ಎಳೆದ.

ಬಾಗಿಲಲ್ಲಿ ನಿಂತ ಶಿವಪುತ್ರನನ್ನು ಕಂಡು ಭಕ್ತರು ಸೆರಗು ಬಾಯಿಗಿಟ್ಟು ನಕ್ಕರು. ಯಾಕೆಂದು ತಿಳಿಯದೆ ಅವನೂ ನಕ್ಕ.

"ಇವತ್ತು ಅವನಿಗಿಂತ ಇವನೇ ಚೆಂದ," ಎಂದಳು ಅದೇ ಮುದುಕಿ, ಕೊಟ್ರಯ್ಯನನ್ನು ತೋರಿಸಿ. "ಮುಖದಾಗ ಏನು ಕಳಾ ಐತಿ!"

ಕೊಟ್ರಯ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪೂಜೆ ಮುಗಿದದ್ದೇ ತಡ, ಅಜ್ಜಯ್ಯನವರ ಬಳಿ ಓಡಿದ.

"ಬುದ್ಧಿ, ಅವನಿಗಿಂತ ನಾನೇ ಚೆಂದ ಅಂತ ಎಲ್ಲಾರೂ ಅಂದ್ರು. ತೀರ್ಥದ ಕೆಲಸ ಇನ್ನ ನನಗಽ ಅಲ್ಲೇನ್ರಿ?"

ಅಜ್ಜಯ್ಯ ಅವನನ್ನು ನದಿಯ ಮೆಟ್ಟಿಲಿಗೆ ಕರೆದೊಯ್ದರು.

"ಬಗ್ಗಿ ನೋಡ್ಕೋ."

ಕೊಟ್ರಯ್ಯ ಬಗ್ಗಿದ. ನಿಂತ ನೀರಿನಲ್ಲಿ ಅವನ ಹಣೆ ಕಂಡಿತು. ಮೂರು ಗೆರೆಗಳೂ ದಾರ ಹಿಡಿದು ಎಳೆದಷ್ಟು ನೇರವಾಗಿದ್ದವು.

"ಯಾರು ಹಚ್ಚಿದ್ದು?"

"ಶಿವಪುತ್ರ."

"ಅವನ ಹಣಿಗೆ?"

ನಾಚಿಕೆಯಿಂದ ಅವನು ತಲೆ ಎತ್ತಲಿಲ್ಲ. "ನಾನು, ಬುದ್ಧಿ."

ಅಜ್ಜಯ್ಯ ಅವನ ಹೆಗಲ ಮೇಲೆ ಕೈಯಿಟ್ಟರು.

"ಮಂದಿ ಹೊಗಳಿದ್ದು ಅವನ ಕೈಯನ್ನ, ನಕ್ಕಿದ್ದು ನಿನ್ನ ಕೈಗೆ. ಈಗ ನೀನಽ ಹೇಳು ಕೊಟ್ರಾ, ತೀರ್ಥ ಯಾವ ಕೈಯಿಂದ ಕೊಡಸ್ಲಿ?"